ಪಂಪಿನ ಮೇಲೆ ತಪ್ಪು ಹೊರಿಸುವ ಮೊದಲು

ಖಾಲಿ ಇದ್ದಾಗ ಲಾರಿ ಚೆನ್ನಾಗಿಯೇ ಓಡುತ್ತದೆ. ಲೋಡ್ ಹಾಕಿ ಘಾಟ್ ಹತ್ತಿಸಿದರೆ ಎಳೆಯುವುದಿಲ್ಲ. ಕಳಂಬೋಲಿಯ ನನ್ನ ಗ್ಯಾರೇಜಿಗೆ ಬರುವ ನಮ್ಮ ಕಡೆಯ ಚಾಲಕರ ಬಾಯಲ್ಲಿ ನಾನು ಮೇಲಿಂದ ಮೇಲೆ ಕೇಳುವ ದೂರು ಇದು. ಬೇಕಾದ ಒತ್ತಡದಲ್ಲಿ ಡೀಸೆಲ್ ಎಂಜಿನ್ನಿಗೆ ತಲುಪದಿದ್ದರೆ ಹೀಗಾಗುತ್ತದೆ. ಒತ್ತಡ ಕಡಿಮೆ ಎನ್ನುವುದು ಜ್ವರ ಇದ್ದ ಹಾಗೆ. ಕಾಯಿಲೆ ಯಾವುದೆಂದು ಹುಡುಕಬೇಕು.

ಕಳೆದ ತಿಂಗಳು ಹುಬ್ಬಳ್ಳಿಯವರೊಬ್ಬರು ಬಂದರು. ತಮ್ಮದೇ ಲಾರಿ, ತಾವೇ ಚಾಲಕರು, ಸಾಲದ ಕಂತು ಇನ್ನೂ ಬಾಕಿ. ಹಿಂದಿನ ಟ್ರಿಪ್ಪಿನಲ್ಲಿ ಪುಣೆ ದಾಟಿ ಖಂಬಾಟ್ಕಿ ಘಾಟ್ ಏರುವಾಗ ಎರಡು ಸಲ ಎಂಜಿನ್ ನಿಂತಿತ್ತು. ಮೇಲೆ ಉಕ್ಕಿನ ಲೋಡು, ಹಿಂದೆ ವಾಹನಗಳ ಸಾಲು. "ಪಂಪ್ ಹೋಗೇತಿ, ಪೂರಾ ಬದಲಿಸ್ಬೇಕು ಅಂತ ದಾರ್ಯಾಗ ಒಬ್ರು ಹೇಳ್ಯಾರ್ರೀ. ಎಷ್ಟಾಗ್ತೇತಿ?" ಎಂದರು. "ರೊಕ್ಕದ ಮಾತು ಆಮ್ಯಾಲೆ, ಮೊದಲ ನೋಡೂಣು ತಡೀರಿ" ಎಂದೆ.

ಈಗಿನ ಕಾಮನ್ ರೈಲ್ ಲಾರಿಗಳಲ್ಲಿ ಪಂಪಿನ ಕೆಲಸ ಎರಡು ಭಾಗ. ಟ್ಯಾಂಕಿನಿಂದ ಡೀಸೆಲ್ ಎಳೆದು ಕೆಲವೇ ಬಾರ್ ಒತ್ತಡದಲ್ಲಿ ಫಿಲ್ಟರಿಗೆ ತಳ್ಳುವುದು ಫೀಡ್ ಪಂಪು. ಅದನ್ನು ಸಾವಿರಕ್ಕೂ ಹೆಚ್ಚು ಬಾರ್‌ಗೆ ಏರಿಸಿ ರೈಲಿಗೆ ಕೊಡುವುದು ಹೈ ಪ್ರೆಶರ್ ಪಂಪು. ಈ ಎರಡನೆಯದರ ಬೆಲೆಯೇ ಬಹಳ. ಮೊದಲನೆಯದು ಸಾಕಷ್ಟು ಕೊಡದಿದ್ದರೆ ಎರಡನೆಯದು ತಾನೇ ಏನು ಮಾಡೀತು? ಸ್ಕ್ಯಾನರ್ ಮಾತ್ರ ರೈಲಿನಲ್ಲಿ ಒತ್ತಡ ಕಡಿಮೆ ಎಂದಷ್ಟೇ ಹೇಳುತ್ತದೆ.

ಹಾಗಾಗಿ ಹುಡುಕಾಟ ಟ್ಯಾಂಕಿನಿಂದ ಶುರು. ಮುಚ್ಚಳ ತೆಗೆದಾಗ ಸುಯ್ ಎಂದು ಗಾಳಿ ಒಳಗೆ ಎಳೆದರೆ ಟ್ಯಾಂಕಿನ ಗಾಳಿಕಿಂಡಿ ಕಟ್ಟಿದೆ. ಪ್ರೀ ಫಿಲ್ಟರಿನ ತಳದಲ್ಲಿ ನಿಂತ ನೀರು ಬಿಟ್ಟು ನೋಡಬೇಕು. ಎಳೆಯುವ ಬದಿಗೆ ಪಾರದರ್ಶಕ ಪೈಪಿನ ತುಂಡು ಜೋಡಿಸಿದಾಗ ಗುಳ್ಳೆ ಕಂಡರೆ ಎಲ್ಲೋ ಗಾಳಿ ಹಿಡಿಯುತ್ತಿದೆ. ಅಲ್ಲಿ ಡೀಸೆಲ್ ಹೊರಗೆ ತೊಟ್ಟಿಕ್ಕದೆಯೂ ಗಾಳಿ ಒಳಗೆ ನುಗ್ಗಬಹುದು. ಒಣ ಪೈಪು ನೋಡಿ ಮೋಸಹೋಗಬಾರದು.

ಆಮೇಲೆ ಕ್ಯಾನಿನ ಪರೀಕ್ಷೆ. ಲಾರಿಯ ಟ್ಯಾಂಕು ಬಿಟ್ಟು, ಶುದ್ಧ ಡೀಸೆಲ್ ತುಂಬಿದ ಕ್ಯಾನಿನಿಂದ ಬೇರೆ ಪೈಪಿನಲ್ಲಿ ನೇರ ಪಂಪಿಗೆ ಕೊಡುವುದು. ಒತ್ತಡ ಸರಿಹೋದರೆ ದೋಷ ಟ್ಯಾಂಕಿನಲ್ಲೋ ಪೈಪಿನಲ್ಲೋ ಇದೆ. ಈ ಲಾರಿಯಲ್ಲಿ ಏನೂ ಬದಲಾಗಲಿಲ್ಲ. ಮುಖ್ಯ ಫಿಲ್ಟರಿನ ಹಿಂದೆ ಒಮ್ಮೆ, ಮುಂದೆ ಒಮ್ಮೆ ಗೇಜ್ ಹಾಕಿದೆ. ಒಳಹೋಗುವಲ್ಲಿ ಚೆನ್ನಾಗಿದ್ದು ಹೊರಬರುವಲ್ಲಿ ಬಿದ್ದರೆ ಫಿಲ್ಟರ್ ಕಟ್ಟಿದೆ. ಇಲ್ಲಿ ಎರಡೂ ಕಡೆ ಕಡಿಮೆ. ಆಕ್ಸಿಲರೇಟರ್ ಒತ್ತಿದರೆ ಮುಳ್ಳು ಇನ್ನೂ ಇಳಿಯಿತು. ಇಂಜೆಕ್ಟರುಗಳಿಂದ ಮರಳುವ ಡೀಸೆಲ್ ಅಳೆದೆ, ಮಿತಿಯಲ್ಲಿತ್ತು. ಓವರ್‌ಫ್ಲೋ ವಾಲ್ವ್ ಸರಿಯಾಗಿ ಮುಚ್ಚುತ್ತಿತ್ತು. ಉಳಿದದ್ದು ಫೀಡ್ ಪಂಪು.

ಈ ಎಂಜಿನ್ನಿನಲ್ಲಿ ಅದು ದೊಡ್ಡ ಪಂಪಿನ ಬೆನ್ನಿಗೆ ಅಂಟಿಕೊಂಡ ಸಣ್ಣ ಗೇರ್ ಪಂಪು, ಬೇರೆಯಾಗಿಯೇ ಬಿಚ್ಚಬಹುದು. ಎಂಜಿನ್ ತಣಿಸಿ, ಬ್ಯಾಟರಿಯ ನೆಗೆಟಿವ್ ಕಳಚಿ, ಸುತ್ತಲೂ ತೊಳೆದು, ಬಿಚ್ಚಿದ ಪ್ರತಿಯೊಂದು ಬಾಯಿಗೂ ಮುಚ್ಚಳ ಹಾಕಿದೆವು. ಧೂಳು ಒಳಹೋದರೆ ಹೊಸ ಪಂಪೂ ಹಾಳು. ಹಳೆಯದರ ಗೇರುಗಳ ಮೇಲೆ ಗೀರುಗಳಿದ್ದವು. ಮಣ್ಣು ಬೆರೆತ ಡೀಸೆಲ್ ಹೀಗೆ ಸವೆಸುತ್ತದೆ, ಅದಕ್ಕೇ ಟ್ಯಾಂಕನ್ನೂ ತೊಳೆಸಿದೆವು. ವಾಷರ್, ಓ ರಿಂಗ್, ಫಿಲ್ಟರ್ ಎಲ್ಲ ಹೊಸದು ಹಾಕಿ, ಹ್ಯಾಂಡ್ ಪ್ರೈಮರ್ ಗಟ್ಟಿಯಾಗುವ ತನಕ ಒತ್ತಿ ಗಾಳಿ ತೆಗೆದ ಮೇಲೆಯೇ ಸ್ಟಾರ್ಟ್ ಮಾಡಿದ್ದು. ಮುಳ್ಳು ಏರಿ ನಿಂತಿತು. ದೊಡ್ಡ ಪಂಪನ್ನು ಮುಟ್ಟಲೇ ಇಲ್ಲ.

ಒಂದು ಎಚ್ಚರಿಕೆ. ಗಾಳಿ ಬಿಡಲು ಇಂಜೆಕ್ಟರ್ ಪೈಪು ಸಡಿಲಿಸುವ ಹಳೆಯ ಲಾರಿಗಳ ಅಭ್ಯಾಸ ಕಾಮನ್ ರೈಲಿನಲ್ಲಿ ಬೇಡ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಮೈಯೊಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಓಡಬೇಕು.

ನಿಮ್ಮಲ್ಲಿ ಅನೇಕರ ಅಣ್ಣನೋ ಮಾವನೋ ಊರಲ್ಲಿ ಲಾರಿ ಓಡಿಸುತ್ತಿರಬಹುದು. ಪಂಪು ಹೋಗಿದೆಯಂತೆ, ದುಡ್ಡು ಕಳಿಸು ಎಂದು ಫೋನ್ ಬಂದರೆ ಒಂದೇ ಪ್ರಶ್ನೆ ಕೇಳಿ: ಗೇಜ್ ಎಲ್ಲಿ ಹಾಕಿದರು, ಎಷ್ಟು ತೋರಿಸಿತು? ಅದಕ್ಕೆ ಉತ್ತರ ಸಿಕ್ಕ ಮೇಲೆ ದುಡ್ಡು ಕಳಿಸಿ.