ರಜೆಯ ದಿನ ಬದಲಾದ ಮೇಲೆ

ಸಂಯುಕ್ತ ಅರಬ್ ಸಂಸ್ಥಾನವು 2022ರ ಜನವರಿಯಲ್ಲಿ ಸರಕಾರಿ ಕಚೇರಿಗಳ ವಾರಾಂತ್ಯದ ರಜೆಯನ್ನು ಶನಿವಾರ ಮತ್ತು ಭಾನುವಾರಕ್ಕೆ ಬದಲಾಯಿಸಿ, ಶುಕ್ರವಾರವನ್ನು ಅರ್ಧ ದಿನದ ಕೆಲಸಕ್ಕೆ ಗೊತ್ತುಪಡಿಸಿತು. ಪ್ರಭುವಿನ ದಿನವೇ ರಜೆಯಾಯಿತೆಂದು ನಮ್ಮವರು ಹರ್ಷಿಸಿದ್ದು ಸಹಜ. ಆದರೆ ಆ ನಾಡಿಗೆ ಹೊಸದಾಗಿ ತೆರಳುವ ಯುವಕನ ಮಟ್ಟಿಗೆ ವಿಷಯ ಅಷ್ಟು ಸರಳವಲ್ಲ.

ದುಬೈಯ ಸಂತ ಮರಿಯಮ್ಮನವರ ಇಗರ್ಜಿ 1967ರಲ್ಲಿ ಸ್ಥಾಪನೆಯಾದುದು. ದಶಕಗಳ ಕಾಲ ಶುಕ್ರವಾರವೇ ಅಲ್ಲಿ ಜನ ಸೇರುವ ದಿನವಾಗಿತ್ತು. ಲೆಕ್ಕಿಗ, ದಾದಿ, ಚಾಲಕ, ಕಟ್ಟಡ ಕಾರ್ಮಿಕ, ಬಹುಪಾಲು ಎಲ್ಲರಿಗೂ ಅಂದೇ ಬಿಡುವು. ಬಲಿಪೂಜೆಯ ಬಳಿಕ ಅಂಗಳದಲ್ಲಿ ನಿಂತಾಗ ಬಾಡಿಗೆಗೆ ಮಲಗುವ ಜಾಗ ಎಲ್ಲಿದೆ, ಯಾವ ಕಂಪೆನಿ ಸಂಬಳ ತಡಮಾಡುತ್ತದೆ, ಎಲ್ಲಿ ಕೆಲಸ ಖಾಲಿಯಿದೆ ಎಂಬುದು ಹೊಸಬನ ಕಿವಿಗೆ ಬೀಳುತ್ತಿತ್ತು. ದಲ್ಲಾಳಿಯ ಮಾತಿಗಿಂತ ಇದು ಎಷ್ಟೋ ವಿಶ್ವಾಸಾರ್ಹ.

ಖಾಸಗಿ ಸಂಸ್ಥೆಗಳಾದರೋ ವಾರಕ್ಕೊಂದು ರಜೆ ನೀಡಿದರೆ ಸಾಕು; ದಿನ ಯಾವುದೆಂಬುದು ಕರಾರಿಗೆ ಬಿಟ್ಟದ್ದು. ಆದುದರಿಂದ ಕಚೇರಿಯವರು ಒಂದು ದಿನ, ಕಾರ್ಮಿಕರು ಇನ್ನೊಂದು ದಿನ ಇಗರ್ಜಿಗೆ ಬರುವಂತಾಗಬಹುದು. ಪೂಜೆ ಇಬ್ಬರಿಗೂ ಉಂಟು, ಪರಸ್ಪರ ಭೇಟಿ ಮಾತ್ರ ಇಲ್ಲ. ಸಂಘಗಳ ಔತಣಕೂಟಗಳು ಈ ಕೊರತೆಯನ್ನು ತುಂಬಲಾರವು; ಟಿಕೇಟು ಕೊಂಡು ಹೋಟೆಲಿಗೆ ಬರುವ ಶಕ್ತಿ ಶಿಬಿರದಲ್ಲಿರುವವನಿಗೆಲ್ಲಿ?

ಊರಿನ ಧರ್ಮಕೇಂದ್ರಗಳು ಇಲ್ಲಿ ಸ್ವಲ್ಪ ಕೆಲಸ ಮಾಡಬಲ್ಲವು. ಹೊರಡುವವನ ಕೈಗೆ ಅಲ್ಲಿರುವ ಎರಡು ಕುಟುಂಬಗಳ ವಿಳಾಸ ಕೊಟ್ಟು, ಆ ಕುಟುಂಬಗಳಿಗೂ ಮುಂಚಿತವಾಗಿ ತಿಳಿಸುವುದಕ್ಕೆ ವಾಳೆಯ ಗುರ್ಕಾರರೇ ಸಾಕು.