ಪಠ್ಯ ವರ್ಗೀಕರಣದ ಪೇಟೆಂಟ್ ವಿವಾದ

ಪಠ್ಯ ವರ್ಗೀಕರಣದ ಪೇಟೆಂಟ್ ವಿವಾದವು, ಬರಹಗಳನ್ನು ಗಣಕಯಂತ್ರದಿಂದ ತಾನಾಗಿ ವಿಂಗಡಿಸುವ ವಿಧಾನಗಳಿಗೆ ಪೇಟೆಂಟ್ ನೀಡಬಹುದೇ ಎಂಬ ಪ್ರಶ್ನೆಗೆ ಸಂಬಂಧಿಸಿದ ಕಾನೂನು ವಿವಾದವಾಗಿದೆ. ಅನಪೇಕ್ಷಿತ ಇಮೇಲ್‌ಗಳನ್ನು ಬೇರ್ಪಡಿಸುವುದು, ಸುದ್ದಿಗಳನ್ನು ವಿಷಯವಾರು ಜೋಡಿಸುವುದು ಇಂತಹ ವರ್ಗೀಕರಣಕ್ಕೆ ಉದಾಹರಣೆಗಳು. ಈ ಕಾರ್ಯದಲ್ಲಿ ಬಳಕೆಯಾಗುವ ಬೇಯ್ಸ್ ಪ್ರಮೇಯವು 1763ರಲ್ಲಿ ಪ್ರಕಟವಾದ ಗಣಿತ. ಆದ್ದರಿಂದ ಗಣಿತವು ಮುಗಿದು ಆವಿಷ್ಕಾರವು ಎಲ್ಲಿ ಆರಂಭವಾಗುತ್ತದೆ ಎಂಬುದೇ ವಿವಾದದ ತಿರುಳು.

ಅಮೆರಿಕದ ಪ್ರಕರಣ

2010ರಲ್ಲಿ ಇಂಟಲೆಕ್ಚುವಲ್ ವೆಂಚರ್ಸ್ ಸಂಸ್ಥೆಯು ಸಿಮ್ಯಾಂಟೆಕ್, ಟ್ರೆಂಡ್ ಮೈಕ್ರೊ ಮೊದಲಾದ ಕಂಪನಿಗಳ ವಿರುದ್ಧ ಡೆಲವೇರ್‌ನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಇಮೇಲ್ ಶೋಧನೆಯ ಎರಡು ಹಾಗೂ ವೈರಸ್ ಪತ್ತೆಯ ಒಂದು ಪೇಟೆಂಟ್ ಮೇಲ್ಮನವಿಯ ಹಂತ ತಲುಪಿದವು. 2015ರಲ್ಲಿ ಜ್ಯೂರಿಯು ಸಿಮ್ಯಾಂಟೆಕ್ 1.7 ಕೋಟಿ ಡಾಲರ್ ಪರಿಹಾರ ನೀಡಬೇಕೆಂದಿತು. ಆದರೆ 2016ರ ಸೆಪ್ಟೆಂಬರ್ 30ರಂದು ಫೆಡರಲ್ ಸರ್ಕಿಟ್ ಮೇಲ್ಮನವಿ ನ್ಯಾಯಾಲಯವು, ಆಲಿಸ್ ಪ್ರಕರಣದ (2014) ಸುಪ್ರೀಂ ಕೋರ್ಟ್ ತೀರ್ಪನ್ನು ಅನ್ವಯಿಸಿ, ಮೂರೂ ಪೇಟೆಂಟ್‌ಗಳ ವಿವಾದಿತ ಹಕ್ಕುಗಳನ್ನು ಅನರ್ಹವೆಂದು ಸಾರಿತು. ಲಕೋಟೆಯನ್ನು ನೋಡಿಯೇ ಬೇಡದ ಪತ್ರವನ್ನು ಎಸೆಯುವುದು ಜನರ ಹಳೆಯ ರೂಢಿ. ಅದನ್ನು ಸಾಮಾನ್ಯ ಗಣಕಯಂತ್ರದಿಂದ ಮಾಡಿಸುವುದಷ್ಟೇ ಆವಿಷ್ಕಾರವಾಗದು ಎಂಬುದು ಇಮೇಲ್ ಶೋಧನೆಯ ಬಗ್ಗೆ ಅದರ ತರ್ಕವಾಗಿತ್ತು.

ಭಾರತದ ಕಾನೂನು

ಪೇಟೆಂಟ್ ಆಯಾ ದೇಶಕ್ಕೆ ಸೀಮಿತವಾದುದರಿಂದ ಈ ತೀರ್ಪು ಭಾರತವನ್ನು ಬಂಧಿಸುವುದಿಲ್ಲ. ಇಲ್ಲಿ 1970ರ ಪೇಟೆಂಟ್ ಕಾಯಿದೆಯ 3(ಕೆ) ಪ್ರಕರಣವು ಗಣಿತ ವಿಧಾನ, ವ್ಯವಹಾರ ವಿಧಾನ, ಅಲ್ಗಾರಿದಮ್ ಹಾಗೂ ಕೇವಲ ಕಂಪ್ಯೂಟರ್ ಪ್ರೋಗ್ರಾಮ್‌ಗಳನ್ನು ಆವಿಷ್ಕಾರದಿಂದ ಹೊರಗಿಟ್ಟಿದೆ. 2004ರ ಸುಗ್ರೀವಾಜ್ಞೆಯು ಈ ನಿರ್ಬಂಧವನ್ನು ಸಡಿಲಿಸಿತ್ತು. 2005ರ ತಿದ್ದುಪಡಿ ಕಾಯಿದೆಯಲ್ಲಿ ಆ ಬದಲಾವಣೆ ಉಳಿಯಲಿಲ್ಲ. 2019ರ ಫರೀದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ತಾಂತ್ರಿಕ ಪರಿಣಾಮ ಅಥವಾ ಕೊಡುಗೆಯುಳ್ಳ ಆವಿಷ್ಕಾರವನ್ನು ಪ್ರೋಗ್ರಾಮ್ ಆಧಾರಿತವೆಂಬ ಕಾರಣಕ್ಕೇ ನಿರಾಕರಿಸಲಾಗದು ಎಂದಿತು.

ಕರ್ನಾಟಕದಲ್ಲಿ ಮಹತ್ವ

ಬೆಂಗಳೂರಿನವರಾಗಲಿ ಕಲಬುರಗಿ ಜಿಲ್ಲೆಯವರಾಗಲಿ, ಕರ್ನಾಟಕದ ಅರ್ಜಿದಾರರು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. ಕನ್ನಡದಲ್ಲಿ ‘ಮನೆ’, ‘ಮನೆಯಲ್ಲಿ’, ‘ಮನೆಗಳಿಂದ’ ಎಂಬ ರೂಪಗಳು ಒಂದೇ ಪದಕ್ಕೆ ಸೇರಿವೆಯೆಂದು ಯಂತ್ರಕ್ಕೆ ತಿಳಿಸಬೇಕಾಗುತ್ತದೆ. ಈ ಕೆಲಸಕ್ಕೆ ಬೇಕಾದ ಸಾಮಾನ್ಯ ವಿಧಾನವೇ ಪೇಟೆಂಟ್‌ಗೆ ಒಳಪಟ್ಟರೆ, ಅದರ 20 ವರ್ಷಗಳ ಅವಧಿಯುದ್ದಕ್ಕೂ ವಾಣಿಜ್ಯ ಬಳಕೆಗೆ ಪರವಾನಗಿ ಬೇಕಾಗಬಹುದು; ಸಣ್ಣ ತಂಡಗಳಿಗೆ ಇದು ದೊಡ್ಡ ಹೊರೆ. ಪೇಟೆಂಟ್ ದೊರೆಯದಿದ್ದರೂ ಬರೆದ ಸಂಕೇತಕ್ಕೆ 1957ರ ಕೃತಿಸ್ವಾಮ್ಯ ಕಾಯಿದೆಯ ರಕ್ಷಣೆಯಿದೆ. ಆದರೆ ಅದು ಬರಹವನ್ನು ಕಾಯುತ್ತದೆ, ಅದರ ಹಿಂದಿನ ವಿಧಾನವನ್ನಲ್ಲ. ‘ತಾಂತ್ರಿಕ ಪರಿಣಾಮ’ದ ಗಡಿಯನ್ನು ಪ್ರತಿ ಅರ್ಜಿಯಲ್ಲೂ ಹೊಸದಾಗಿ ನಿರ್ಣಯಿಸಬೇಕಾಗಿರುವುದರಿಂದ, ಆವಿಷ್ಕಾರಕರಿಗೂ ಬಳಕೆದಾರರಿಗೂ ಅನಿಶ್ಚಿತತೆ ಮುಂದುವರಿದಿದೆ.