ಕೂಸಿನ ಕೈ ಏಳವಲ್ತು ಅಂದ್ರ

ಹೋದ ವಾರ ನಮ್ಮ ಓಣ್ಯಾಗಿನ ಬಾಣಂತಿ ಮನಿಗೆ ಕೂಸು ನೋಡಲಿಕ್ಕೆ ಹೋಗಿದ್ದೆ. ಹುಟ್ಟಿ ಇಪ್ಪತ್ತು ದಿನ, ದುಂಡಗ ಮುದ್ದಾಗದ. ಆದ್ರ ಎಡಗೈ ಮಾತ್ರ ಮೈಗೆ ಹತ್ತಿ ಬಿದ್ದಿತ್ತು, ಅಂಗೈ ಹಿಂದಕ್ಕ ತಿರುಗಿತ್ತು. ನೋಡಿ ನನ್ನ ಎದಿ ಝಲ್ಲ ಅಂತು. ಇಂಥಾ ಕೈ ನಾ ಮೊದಲೂ ನೋಡೇನಿ, ನಮ್ಮ ಮನ್ಯಾಗನ.

ಇಪ್ಪತ್ತೆರಡು ವರ್ಷದ ಹಿಂದ ನಮ್ಮ ನಾದಿನಿ ಚೊಚ್ಚಲ ಹೆರಿಗಿಗೆ ಬಂದಿದ್ಲು. ಕೂಸಿನ ತಲಿ ಹೊರಗ ಬಂತು, ಹೆಗಲು ತಾಯಿ ಎಲುಬಿಗೆ ಸಿಕ್ಕೊಂಡ್ತು. ಅಂಥಾ ಹೊತ್ತಿನ್ಯಾಗ ನಿಮಿಷ ನಿಮಿಷಕ್ಕೂ ಜೀವದ ಪ್ರಶ್ನೆ. ಕುತ್ತಿಗಿಯಿಂದ ಕೈಗೆ ಐದು ನರಗಳ ಗೊಂಚಲು ಇಳಿತದ. ತಲಿ ಒಂದು ಕಡೆ, ಹೆಗಲು ಒಂದು ಕಡೆ ಆದಾಗ ಅವು ಎಳದು ಜಗ್ಗತಾವ, ಕೆಲವೊಮ್ಮೆ ಹರಿದೂ ಹೋಗತಾವ. ಡಾಕ್ಟರು ಇದಕ್ಕ ಎರ್ಬ್ಸ್ ಪಾಲ್ಸಿ ಅಂತಾರ.

ನಮ್ಮತ್ತಿಯವರು, "ಗ್ರಹಣದಾಗ ಹೊರಗ ತಿರುಗಿದ್ದಕ್ಕ ಹಿಂಗಾತು" ಅಂದ್ರು. ನಾನೂ ಹೂಂಗುಟ್ಟಿದೆ. ಹಸಿ ಬಾಣಂತಿ ಗ್ವಾಡಿ ಕಡೆ ಮುಖ ಮಾಡಿ ಅತ್ತಿದ್ದು ಇನ್ನೂ ಕಣ್ಣಾಗದ. ಜರ್ಮನಿ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ 1859ರಾಗ ಕಷ್ಟದ ಹೆರಿಗ್ಯಾಗ ಹುಟ್ಟಿದಾಂವ, ಅವನ ಎಡಗೈನೂ ಹಿಂಗ ಆಗಿತ್ತು. ವಿಕ್ಟೋರಿಯಾ ರಾಣಿ ಮೊಮ್ಮಗ ಅಂವ! ಅರಮನ್ಯಾಗೂ ತಪ್ಪಲಿಲ್ಲ ಅಂದಮ್ಯಾಲೆ ಹಡದಾಕಿ ಏನ ಮಾಡ್ಯಾಳು?

ಕೂಸಿಗೆ ಎರಿಯಲಿಕ್ಕೆ ಬರೋ ಅಜ್ಜಿ ದಿನಾ ಆ ಕೈ ಹಿಡದು ಜಗ್ಗಿ ತಿಕ್ಕತಿದ್ಲು. ಎಣ್ಣಿ ನೀರು ಕೆಟ್ಟದ್ದು ಅಂತ ನಾ ಹೇಳಾಂಗಿಲ್ಲ, ನನ್ನ ಮಕ್ಕಳಿಗೂ ಎರದೇನಿ. ಆದ್ರ ಜಗ್ಗಿದ ನರಾ ಮತ್ತ ಜಗ್ಗಿದ್ರ ಕೂಡತಾವೇನು? ಬಗಲಾಗ ಕೈ ಹಾಕಿ ಎತ್ತಬಾರದು. ಅಂಗಿ ಹಾಕುವಾಗ ನೋವಿನ ಕೈ ಮೊದಲು, ತಗೀವಾಗ ಕಡೀಕ. ಎಲುಬು ಮುರದದ ಏನು ಅಂತ ಡಾಕ್ಟರಿಗೆ ತೋರಿಸಿ, ಫಿಸಿಯೋಥೆರಪಿಯವರು ಹೇಳಿಕೊಟ್ಟಷ್ಟ ಮೆತ್ತಗ ಆಡಿಸಬೇಕು.

ಭಾಳ ಕೂಸುಗಳಿಗೆ ಕೆಲವು ವಾರ, ಕೆಲವು ತಿಂಗಳದಾಗ ಆರಾಮ ಆಗ್ತದ. ಖರೇನ. ನಾವು ಮೋಸ ಹೋಗೂದೂ ಅಲ್ಲೇ. ಮೂರು ತಿಂಗಳಾದ್ರೂ ಮೊಣಕೈ ಮಡಚವಲ್ತು ಅಂದ್ರ ನರದ ಆಪರೇಷನ್ ಮಾಡೋ ಡಾಕ್ಟರಿಗೆ ತೋರಿಸಲೇಬೇಕು. ಆಪರೇಷನ್ ಬೇಕಾದ್ರ ಅದು ವರ್ಷ ತುಂಬೋದರೊಳಗ ಆಗಬೇಕು, ತಡಾ ಆದಷ್ಟೂ ಸ್ನಾಯು ಸೊರಗತಾವ. ನಾವು "ತಾನ ಸರಿ ಹೋಗ್ತದ" ಅಂತ ಎರಡು ವರ್ಷ ಕೂತ್ವಿ. ತಡಾ ಮಾಡಿದವರು ಡಾಕ್ಟರಲ್ಲ, ಮನ್ಯಾಗಿನ ಹಿರೇರು. ಅದರಾಗ ನಾನೂ ಒಬ್ಬಾಕಿ.

ಆ ಕೂಸು ಈಗ ಬಿ.ಕಾಂ. ಮುಗಿಸ್ಯಾಳ, ಕೆಲಸಕ್ಕ ಹೋಗತಾಳ. ಕೈ ಹೆಗಲಿನ ಮ್ಯಾಲೆ ಏಳೂದಿಲ್ಲ. ಹಬ್ಬಕ್ಕ ಬಂದಾಗ ಹಣಗಿ ತಂದು ನನ್ನ ಮುಂದ ಕೂಡತಾಳ, "ಮಾಮಿ, ಹೆರಳು ಹಾಕು" ಅಂತ. ನಗತಾನ ಅಂತಾಳ. ನಾ ಹೆರಳು ಹಾಕತೇನಿ, ಮಾರಿ ಕಾಣೂದಿಲ್ಲಲ್ಲ, ಅದ ಪುಣ್ಯಾ.

ಇನ್ನೊಂದು ಮಾತು. ಬಸರಾಗ ಸಕ್ಕರಿ ರೋಗ ಬಂದ್ರ ಕೂಸು ದಪ್ಪ ಬೆಳೀತದ, ಹೆಗಲು ಸಿಗೋ ಅಂಜಿಕಿ ಹೆಚ್ಚು. ಗ್ಲೂಕೋಸ್ ನೀರು ಕುಡಿಸಿ ಮಾಡೋ ರಕ್ತ ಪರೀಕ್ಷಾ ತಪ್ಪಿಸಬ್ಯಾಡ್ರಿ. ಮೊದಲ ಹೆರಿಗ್ಯಾಗ ಹೆಗಲು ಸಿಕ್ಕಿದ್ರ ಎರಡನೇದಕ್ಕ ಡಾಕ್ಟರಿಗೆ ಮುಂಚೇನ ಹೇಳ್ರಿ.

ಓಣ್ಯಾಗಿನ ಆ ಅತ್ತಿನೂ, "ಇನ್ನೊಂದ ತಿಂಗಳು ನೋಡೂಣು" ಅಂದ್ರು. ನಮ್ಮ ಮನಿ ಹುಡುಗಿ ಕಥಿ ಪೂರ್ತಿ ಹೇಳಿದೆ. ಸುಮ್ಮನ ಕೇಳಿಸ್ಕೊಂಡ್ರು. ಸೋಮವಾರ ಒಂಬತ್ತಕ್ಕ ಆಟೋ ಹೇಳ್ಯಾರ, ನಾನೂ ಜೋಡಿ ಹೊಂಟೇನಿ.